ಮಕ್ಕಳ ಕುಂಚವೂ ಕಾಯಕವೇ

ಶರಣಧರ್ಮದಲ್ಲಿ ದಾನಕ್ಕಿಂತ ದಾಸೋಹಕ್ಕೆ ಹಿರಿಮೆ. ದಾನದಲ್ಲಿ ಕೊಡುವವನು ಮೇಲು, ಪಡೆಯುವವನು ಕೀಳು ಎಂಬ ಭಾವ ನುಸುಳಬಹುದು. ದಾಸೋಹದಲ್ಲಿ ಅದಕ್ಕೆ ಎಡೆಯಿಲ್ಲ. ಆ ದಾಸೋಹಕ್ಕೆ ಕಾಯಕವೇ ಮೂಲ. ವಿದ್ಯಾರ್ಥಿಗಳು ಬರೆದ ಚಿತ್ರಗಳನ್ನು ಶಾಲೆಯಲ್ಲಿ ಪ್ರದರ್ಶಿಸಿ, ಮಾರಿ, ಬಂದ ಹಣವನ್ನು ಸತ್ಕಾರ್ಯಕ್ಕೆ ಅರ್ಪಿಸುವ ಪದ್ಧತಿಯನ್ನು ನಾವು ಈ ದೃಷ್ಟಿಯಿಂದಲೇ ಮೆಚ್ಚುತ್ತೇವೆ. ತಂದೆಯ ಕಿಸೆಯಿಂದ ತಂದ ಹತ್ತು ರೂಪಾಯಿ ತಂದೆಯದು; ತಾನು ಬರೆದ ಚಿತ್ರದಿಂದ ಬಂದುದು ಮಗುವಿನ ಕಾಯಕದ ಫಲ.

ಕಲೆಯಿಂದ ದಾಸೋಹ ನಡೆಸುವುದು ನಮಗೆ ಹೊಸದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಡಿತ ಪುಟ್ಟರಾಜ ಗವಾಯಿಗಳು (1914–2010) ಸ್ವತಃ ಅಂಧರಾಗಿದ್ದರೂ ನಾಟಕಗಳನ್ನು ರಚಿಸಿದರು, ನಾಟ್ಯಸಂಘವನ್ನು ನಡೆಸಿದರು. ಅದರ ಆದಾಯವನ್ನು ಅಂಧ, ಅನಾಥ ಮಕ್ಕಳ ಅನ್ನಕ್ಕೂ ವಿದ್ಯೆಗೂ ವಿನಿಯೋಗಿಸಿದರು.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಉಳ್ಳವರು ತಮ್ಮ ಮಗುವಿನ ಚಿತ್ರವನ್ನೇ ಹೆಚ್ಚಿನ ಬೆಲೆಗೆ ಕೊಂಡರೆ ಬಡವರ ಮಗುವಿನ ಚಿತ್ರ ಗೋಡೆಯ ಮೇಲೆಯೇ ಉಳಿಯುತ್ತದೆ. ದೀನರಿಗಾಗಿ ನಡೆದ ಕಾರ್ಯದಲ್ಲಿ ದೀನರೇ ನೊಂದಂತಾಗುತ್ತದೆ. ಆದುದರಿಂದ ಎಲ್ಲ ಚಿತ್ರಗಳಿಗೂ ಒಂದೇ ಬೆಲೆಯಿರಲಿ; ಬರೆದವರ ಹೆಸರು ಹಿಂಬದಿಯಲ್ಲಿದ್ದು, ಕೊಂಡ ಬಳಿಕವೇ ತಿಳಿಯಲಿ. ಬಣ್ಣ, ಕಾಗದ, ಚೌಕಟ್ಟುಗಳ ವೆಚ್ಚ ಮಿತವಾಗಿರಲಿ. ಹಿರಿಯ ವಿದ್ಯಾರ್ಥಿಗಳೇ ಲೆಕ್ಕವಿಟ್ಟು, ಆಯವ್ಯಯವನ್ನು ಶಾಲೆಯ ಫಲಕದ ಮೇಲೆ ಬರೆಯಲಿ. ನೆರವು ಪಡೆದವರನ್ನು ವೇದಿಕೆಗೆ ಕರೆದು ಭಾವಚಿತ್ರ ತೆಗೆಸುವುದು ಸರ್ವಥಾ ಬೇಡ.

ಸದ್ಭಕ್ತರ ಮನೆಯ ಪಡಸಾಲೆಯಲ್ಲಿ ಇಂತಹ ಚಿತ್ರವೊಂದು ತೂಗಲಿ. ಬರೆದವರಾರೆಂದು ಅತಿಥಿಗಳು ಕೇಳಿದರೆ, ‘ನಮ್ಮೂರ ಮಗು’ ಎಂಬುದಷ್ಟೇ ಉತ್ತರವಾಗಲಿ.