ವಾಲ್ವ್ ತಿರುಗಿಸುವ ಕೈ, ಕಾವೇರಿ ಭವನದ ಕುರ್ಚಿ

ಕಳೆದ ಬೇಸಿಗೆಯ ಒಂದು ಭಾನುವಾರ ಬೆಳಿಗ್ಗೆ ಜೆ.ಪಿ. ನಗರದ ನಮ್ಮ ಮನೆ ಬಾಗಿಲಿಗೆ ಇಪ್ಪತ್ತೈದರ ಆಸುಪಾಸಿನ ಹುಡುಗನೊಬ್ಬ ಬಂದು ನಿಂತ. ಕೈಯಲ್ಲಿ ಎದೆಮಟ್ಟದ ಕಬ್ಬಿಣದ ಕೀ, ಹೆಗಲ ಮೇಲೆ ಒದ್ದೆ ಟವಲು. "ತಾತ ಇದಾರಾ ಅಕ್ಕಾ? ಜಯನಗರದಲ್ಲಿ ಹಳೇ ವಾಲ್ವ್ ಒಂದು ಸಿಗ್ತಾ ಇಲ್ಲ. ಟಾರು ಹಾಕೋವಾಗ ಯಾರೋ ಮುಚ್ಚಿಬಿಟ್ಟಿದಾರೆ. ತಾತಂಗೆ ಗೊತ್ತಿರುತ್ತೆ ಅಂದ್ರು."

ತಾತ ಎಂದರೆ ನನ್ನ ಅಪ್ಪ. 1971ರಲ್ಲಿ ಬೆಂಗಳೂರು ಜಲಮಂಡಳಿಗೆ ಸೇರಿ, ಮೂವತ್ತಾರು ವರ್ಷ ನೀರು ಬಿಟ್ಟು, 2007ರಲ್ಲಿ ನಿವೃತ್ತರಾದವರು. ಈಗ ಮಂಡಿನೋವು, ಮೆಟ್ಟಿಲಿಳಿಯುವುದೇ ಕಷ್ಟ. ಆದರೂ ಚಪ್ಪಲಿ ಮೆಟ್ಟಿಕೊಂಡು ಹುಡುಗನ ಸ್ಕೂಟರಿನ ಹಿಂದೆ ಕೂತೇಬಿಟ್ಟರು. ನಾನೂ ನನ್ನ ಗಾಡಿಯಲ್ಲಿ ಹಿಂದೆಯೇ ಹೋದೆ.

ಆ ಕ್ರಾಸಿನಲ್ಲಿ ಅಪ್ಪ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಹಳೆಯ ಮನೆಗಳು ಹೋಗಿ ನಾಲ್ಕಂತಸ್ತಿನ ಕಟ್ಟಡಗಳು ಎದ್ದಿವೆ. ಗುರುತಿಗೆ ಉಳಿದಿದ್ದು ಮೂಲೆಯ ಹೊಂಗೆಮರ ಮಾತ್ರ. ಅದರ ಬುಡಕ್ಕೆ ಬೆನ್ನು ಕೊಟ್ಟು ಹನ್ನೊಂದು ಹೆಜ್ಜೆ ನಡೆದು, ಎಡಕ್ಕೆ ಎರಡು ಹೆಜ್ಜೆ ಸರಿದು, "ಇಲ್ಲಿ ಅಗೆಯಪ್ಪ" ಅಂದರು. ಹಾರೆಯ ನಾಲ್ಕೈದು ಏಟಿಗೆ ಟಾರು ಎದ್ದು, ಕೆಳಗೆ ಕಬ್ಬಿಣದ ಮುಚ್ಚಳ ಠಣ್ ಅಂದಿತು. ಹುಡುಗ ಕೀ ಇಳಿಸಿ ತಿರುಗಿಸತೊಡಗಿದ. "ಪೂರ್ತಿ ತೆಗೀಬೇಡ. ಹದಿಮೂರು ಸುತ್ತಿಗೆ ನಿಲ್ಸು. ಇನ್ನೂ ತಿರುಗಿಸಿದ್ರೆ ತಗ್ಗಿನ ಬೀದಿಯವರು ನೀರೆಲ್ಲ ಎಳ್ಕೋತಾರೆ, ಮೇಲಿನ ಬೀದಿಗೆ ಹತ್ತೋದೇ ಇಲ್ಲ." ಆಮೇಲೆ ಕಷ್ಟಪಟ್ಟು ಬಗ್ಗಿ, ಕೀ ಮೇಲ್ತುದಿಗೆ ಕಿವಿಯಿಟ್ಟು ಕಣ್ಣು ಮುಚ್ಚಿದರು. ನೀರು ಹೋಗುವ ಸದ್ದೇ ಬೇರೆ, ಸೋರುವ ಸದ್ದೇ ಬೇರೆ. ಚಿಕ್ಕಂದಿನಲ್ಲಿ ನನಗೂ ಹೀಗೆ ಕೇಳಿಸಿದ್ದರು, ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು.

ನಮ್ಮದು ಕೋಲಾರದ ಕಡೆ ನೀರಗಂಟಿಗಳ ಮನೆತನ. ಕೆರೆಯ ತೂಬು ಎತ್ತುವುದು, ಕಾಲುವೆಯಲ್ಲಿ ಸರದಿಯಂತೆ ಗದ್ದೆ ಗದ್ದೆಗೆ ನೀರು ಹಾಯಿಸುವುದು, ಮಳೆ ಕಡಿಮೆಯಾದ ವರ್ಷ ಯಾರಿಗೆ ಎಷ್ಟು ಅನ್ನುವುದನ್ನು ಜಗಳವಿಲ್ಲದೆ ತೀರ್ಮಾನಿಸುವುದು ಅಪ್ಪನ ಅಪ್ಪ, ನಮ್ಮ ತಾತನ ಕೆಲಸ. ಕೂಲಿ ಅಂದರೆ ಸುಗ್ಗಿಯಲ್ಲಿ ಬರುವ ಒಂದಿಷ್ಟು ಭತ್ತ, ರಾಗಿ. ಊರಿಗೆಲ್ಲ ನೀರು ಕೊಡುವ ಆ ಮನುಷ್ಯನಿಗೆ ಊರ ಬಾವಿಯಿಂದ ನೀರು ಸೇದುವ ಹಕ್ಕಿರಲಿಲ್ಲ. ಅಪ್ಪ ಆ ಊರು ಬಿಟ್ಟು ಬೆಂಗಳೂರಿಗೆ ಬಂದರು. ತೂಬು ಹೋಗಿ ವಾಲ್ವ್ ಬಂತು, ಅಷ್ಟೇ ವ್ಯತ್ಯಾಸ. ಜಯನಗರ, ತಿಲಕನಗರ, ಬೈರಸಂದ್ರದ ಜನ ಅವರನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಎಲ್ಲರಿಗೂ ಅವರು "ನೀರು ಬಿಡೋರು".

ಈ ಮನೆಯ ಕಥೆಯನ್ನು ಪತ್ರಿಕೆಗೆ ಬರೆಯಲು ಕಾರಣವಿದೆ. ಬೆಂಗಳೂರಿನ ನೀರಿನ ಬಗ್ಗೆ ನಾವು ಮಾತಾಡುವುದೆಲ್ಲ ಎಷ್ಟು ಟಿಎಂಸಿ, ಎಷ್ಟನೇ ಹಂತ, ದರ ಎಷ್ಟು ಏರಿತು ಅನ್ನುವುದರ ಬಗ್ಗೆ. ಈ ನೀರನ್ನು ನಡೆಸುವವರು ಯಾರು, ಎಲ್ಲಿಂದ ಬಂದವರು, ಏನು ಬಲ್ಲವರು, ಎಷ್ಟು ದಿನ ಇರುತ್ತಾರೆ ಅನ್ನುವುದನ್ನು ಕೇಳುವವರೇ ಇಲ್ಲ.

ಬೆಂಗಳೂರು ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಹುಟ್ಟಿದ್ದು 1964ರಲ್ಲಿ. ಕಾವೇರಿ ಮೊದಲ ಹಂತದ ನೀರು 1974ರಲ್ಲಿ ಬಂತು. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ನಮ್ಮ ಕನಕಪುರ ರಸ್ತೆಯ ತಾತಗುಣಿ, ಹೀಗೆ ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರ, ಹತ್ತಿರ ಹತ್ತಿರ 500 ಮೀಟರ್ ಎತ್ತರಕ್ಕೆ ನೀರನ್ನು ಏರಿಸುತ್ತಾರೆ. 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ನೀರಿಗೆ ದಾರಿಯಾಯಿತು. ಇದು ದೊಡ್ಡ ಸಾಧನೆಯೇ. ಆದರೆ ಹೀಗೆ ಬೆಟ್ಟ ಹತ್ತಿಸಿ ತಂದ ನೀರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗದೆ ಹೋಗುತ್ತಿದೆ ಎಂದು ಮಂಡಳಿಯೇ ಹಲವು ಸಲ ಒಪ್ಪಿಕೊಂಡಿದೆ. ಸೋರಿಕೆಯನ್ನು ಪತ್ತೆ ಮಾಡುವ ಯಂತ್ರಗಳು ಬಂದಿವೆ, ಬರಲಿ. ಯಂತ್ರವನ್ನು ಯಾವ ಕ್ರಾಸಿನಲ್ಲಿ ಇಳಿಸಬೇಕು ಎಂದು ಹೇಳುವ ಮನುಷ್ಯ ಬೇಕಲ್ಲ?

ಮಂಡಳಿಯ ತುದಿಯಲ್ಲಿ, ಅದರ ಕೇಂದ್ರ ಕಚೇರಿಯಾದ ಕಾವೇರಿ ಭವನದಲ್ಲಿ, ಅಧ್ಯಕ್ಷರಾಗಿ ಕೂರುವವರು ಐಎಎಸ್ ಅಧಿಕಾರಿ. ಅವರ ಕೆಳಗೆ ಪ್ರಧಾನ ಮುಖ್ಯ ಎಂಜಿನಿಯರ್, ಮುಖ್ಯ ಎಂಜಿನಿಯರುಗಳು, ಹೀಗೆ ಇಳಿಯುತ್ತ ಇಳಿಯುತ್ತ ಕೊನೆಗೆ ವಾಲ್ವ್‌ಮ್ಯಾನ್, ಒಳಚರಂಡಿ ಕೆಲಸಗಾರ. ಐಎಎಸ್‌ನವರಿಗೆ ನೀರಿನ ವಿಷಯ ಗೊತ್ತಿಲ್ಲ, ಎಂಜಿನಿಯರ್ ಒಬ್ಬರನ್ನೇ ತಂದು ಕೂರಿಸಿ ಎಂಬ ವಾದ ಹಳೆಯದು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. 1894ರಲ್ಲಿ ಹೆಸರಘಟ್ಟದಿಂದ ಬೆಂಗಳೂರಿಗೆ ಕೊಳಾಯಿ ನೀರು ಬಂದಾಗ ದಿವಾನರಾಗಿದ್ದ ಶೇಷಾದ್ರಿ ಅಯ್ಯರ್ ಕಾನೂನು ಓದಿದ ಆಡಳಿತಗಾರರು. 1933ರ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಮಾರ್ಗದರ್ಶನ ಮಾಡಿದ ವಿಶ್ವೇಶ್ವರಯ್ಯನವರು ಸುಕ್ಕೂರಿನ ನೀರು ಸರಬರಾಜಿನಿಂದ ಖಡಕ್‌ವಾಸ್ಲಾದ ಗೇಟುಗಳವರೆಗೆ ಕೈಯಾರೆ ಕೆಲಸ ಮಾಡಿ ಬಂದವರು. ಒಬ್ಬರು ಕಚೇರಿಯ ಮನುಷ್ಯ, ಇನ್ನೊಬ್ಬರು ಅಣೆಕಟ್ಟೆಯ ಮನುಷ್ಯ. ಇಬ್ಬರಿಂದಲೂ ನಗರ ನೀರು ಕುಡಿಯಿತು. ಶೇಷಾದ್ರಿ ಅಯ್ಯರ್ ದಿವಾನಗಿರಿಯಲ್ಲಿ ಹದಿನೆಂಟು ವರ್ಷ ಇದ್ದರು ಅನ್ನುವುದನ್ನು ಮಾತ್ರ ಮರೆಯಬಾರದು.

ಈಗಿನ ಲೆಕ್ಕ ನೋಡಿ. ಐದನೇ ಹಂತಕ್ಕೆ ಜಪಾನಿನ ಸಾಲದ ಒಪ್ಪಂದವಾದ 2018ರಲ್ಲಿ ತುಷಾರ್ ಗಿರಿನಾಥ್ ಅಧ್ಯಕ್ಷರು. ಅವರ ನಂತರ ಎನ್. ಜಯರಾಂ. ನೀರು ಹರಿಯುವ ಹೊತ್ತಿಗೆ ರಾಮ್ ಪ್ರಸಾತ್ ಮನೋಹರ್. ಯಾರ ಸಾಮರ್ಥ್ಯದ ಬಗ್ಗೆಯೂ ನನ್ನ ದೂರಿಲ್ಲ. ಬಳ್ಳಾರಿಯಲ್ಲಿ ಜಿಲ್ಲಾಧಿಕಾರಿಯಾಗಿದ್ದ ಮನೋಹರ್ ಮಂಡಳಿಗೆ ಬಂದ ಹೊಸತರಲ್ಲೇ 2024ರ ಬರ ತಲೆ ಮೇಲೆ ಬಿತ್ತು. ನಗರದ 13,900 ಕೊಳವೆಬಾವಿಗಳಲ್ಲಿ 6,900 ಬತ್ತಿವೆ ಎಂದು ಉಪಮುಖ್ಯಮಂತ್ರಿಯೇ ಹೇಳಿದ ದಿನಗಳು ಅವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂಬ ಆದೇಶ ಬಂತು, ಅಂತರ್ಜಲದ ಅಧ್ಯಯನಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯ ನೆರವು ಪಡೆದರು. ಬಿಟಿಎಂ ಲೇಔಟಿನ ನನ್ನ ತಂಗಿ ಆ ಮಾರ್ಚ್‌ನಲ್ಲಿ ಟ್ಯಾಂಕರಿಗೆ ಕಾದು ಕಾದು ಮಕ್ಕಳನ್ನು ನಮ್ಮ ಮನೆಗೆ ಸ್ನಾನಕ್ಕೆ ಕಳಿಸಿದ್ದಳು. ಒಬ್ಬ ಅಧಿಕಾರಿ ಅಂಥ ಒಂದು ಬೇಸಿಗೆಯನ್ನು ಈಜಿ ದಾಟಿದಾಗ ಕಲಿಯುವುದು ಯಾವ ತರಬೇತಿಯಲ್ಲೂ ಸಿಗುವುದಿಲ್ಲ. ಕಲಿತ ಮೇಲೆ ಅವರನ್ನು ಇನ್ನೊಂದು ಇಲಾಖೆಗೆ ಕಳಿಸುವುದು ನಮ್ಮ ರಾಜ್ಯದ ರೂಢಿ. ಯಾವ ಪಕ್ಷ ಬಂದರೂ ಅದು ಬದಲಾಗಿಲ್ಲ.

ಮುಖ್ಯಸ್ಥರನ್ನು ಕದಲಿಸದೆ ಬಿಟ್ಟರೆ ಏನಾಗುತ್ತದೆ ಅನ್ನುವುದಕ್ಕೆ ಬೇರೆ ಕಡೆಯ ಉದಾಹರಣೆಯಿದೆ. ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ 1993ರಲ್ಲಿ ಪ್ರತಿ ನೂರು ಲೀಟರ್ ನೀರಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಲೀಟರ್ ಸೋರಿಯೋ ಕಳುವಾಗಿಯೋ ಹೋಗುತ್ತಿತ್ತು. ಆ ವರ್ಷ ಅಲ್ಲಿನ ನೀರು ಸಂಸ್ಥೆಗೆ ಎಕ್ ಸೊನ್ ಚಾನ್ ಎಂಬ ಎಂಜಿನಿಯರ್ ಮುಖ್ಯಸ್ಥರಾದರು. ಸರ್ವಾಧಿಕಾರಿ ಪೋಲ್ ಪಾಟ್ ಕಾಲದಲ್ಲಿ ಮನೆಯವರನ್ನು ಕಳಕೊಂಡು, ಆಮೇಲೆ ನಗರದ ಕಸಾಯಿಖಾನೆಯಲ್ಲಿ ದುಡಿದು ಮೇಲೆ ಬಂದ ಮನುಷ್ಯ. ಹತ್ತೊಂಬತ್ತು ವರ್ಷ ಅದೇ ಕುರ್ಚಿಯಲ್ಲಿದ್ದರು. ಬಿಲ್ ಕಟ್ಟದ ಸೇನಾಧಿಕಾರಿಯ ಮನೆಗೆ ಮೀಟರ್ ಹಾಕಿಸಲು ತಾವೇ ಹೋಗಿ ನಿಂತರು, ಹಣೆಗೆ ಬಂದೂಕು ಇಟ್ಟರೂ ಕೆಲಸ ಬಿಡಲಿಲ್ಲ. ತಮ್ಮ ಕೆಳಗಿನ ನೌಕರರಲ್ಲಿ ಕೆಲಸ ಬಲ್ಲ ಹುಡುಗರನ್ನು ಹುಡುಕಿ ಮೇಲೆ ತಂದರು, ಸಂಬಳ ಹೆಚ್ಚಿಸಿದರು. ನಷ್ಟ ಶೇ. 10ಕ್ಕಿಂತ ಕೆಳಗೆ ಇಳಿಯಿತು, 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆಗ ನಮಗಿಂತ ಬಡ ದೇಶವಾಗಿತ್ತು ಅದು.

ಮಂಡಳಿಯ ಹೆಸರಿನಲ್ಲಿ ಒಳಚರಂಡಿಯೂ ಇದೆ. ಮ್ಯಾನ್‌ಹೋಲ್ ಪಕ್ಕ ಕೆಲಸಕ್ಕೆ ನಿಲ್ಲುವವರ ಮನೆತನ ಯಾವುದು ಎಂದು ನಾನು ಬರೆದೇ ತಿಳಿಯಬೇಕಿಲ್ಲ. ಮನುಷ್ಯರನ್ನು ಗುಂಡಿಗೆ ಇಳಿಸಬಾರದು ಎಂಬ ಕಾನೂನು 2013ರಲ್ಲಿ ಬಂದಿದೆ, ಜೆಟ್ಟಿಂಗ್ ಯಂತ್ರಗಳು ಓಡಾಡುತ್ತಿವೆ. ಆದರೂ ಕರ್ನಾಟಕದಲ್ಲಿ ಗುಂಡಿಯೊಳಗೆ ಉಸಿರುಗಟ್ಟಿ ಸತ್ತವರ ಸುದ್ದಿ ನಿಂತಿಲ್ಲ. ನೀರಿನ ಮೇಲಿನ ತುದಿಯಲ್ಲಿ ಯಾವ ಜಾತಿಯವರೂ ಕೂರಬಹುದು. ಕೆಳಗಿನ ತುದಿಯಲ್ಲಿ ಮಾತ್ರ ತಾತನ ಕಾಲದ ಜಾತಿಯವರೇ ಇದ್ದಾರೆ. ಇದನ್ನು ಬರೆಯುವಾಗ ನನ್ನ ಕೈ ನಡುಗುತ್ತದೆ.

ಅಧ್ಯಕ್ಷರು ಯಾರೇ ಇರಲಿ, ಐದು ವರ್ಷ ಕದಲಿಸಬೇಡಿ. ಅದು ನನ್ನ ಮೊದಲ ಬೇಡಿಕೆ. ಹೊಸದಾಗಿ ಸೇರುವ ಪ್ರತಿ ಸಹಾಯಕ ಎಂಜಿನಿಯರ್ ಮೊದಲ ಆರು ತಿಂಗಳು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ವಾಲ್ವ್‌ಮ್ಯಾನ್ ಜತೆ ಬೀದಿ ಸುತ್ತಲಿ. ಕಂಪ್ಯೂಟರಿನ ನಕ್ಷೆಯಲ್ಲಿ ಇಲ್ಲದ ಪೈಪುಗಳು ಈ ನಗರದ ಕೆಳಗೆ ಎಷ್ಟಿವೆ ಎಂಬುದು ಆಗ ತಿಳಿಯುತ್ತದೆ. ಜಯನಗರ ಐದನೇ ಬ್ಲಾಕಿನಲ್ಲಿ ಮಂಡಳಿಯದೇ ಮಳೆನೀರು ಸಂಗ್ರಹದ ಉದ್ಯಾನವಿದೆ, ವಿಶ್ವೇಶ್ವರಯ್ಯನವರ ಹೆಸರಿನದು. ಶಾಲೆಯ ಮಕ್ಕಳನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗುತ್ತಿರುತ್ತೇನೆ. ಚಾವಣಿ ನೀರು ಹಿಡಿಯುವ ಬಗೆಯನ್ನೆಲ್ಲ ಬಹಳ ಚೆನ್ನಾಗಿ ತೋರಿಸಿದ್ದಾರೆ. ಅಲ್ಲೇ ಒಂದು ಕೊಠಡಿಯಲ್ಲಿ ನಿವೃತ್ತ ವಾಲ್ವ್‌ಮ್ಯಾನ್‌ಗಳನ್ನು ಗೌರವಧನ ಕೊಟ್ಟು ಕೂರಿಸಿ, ಅವರಿಗೆ ಗೊತ್ತಿರುವುದನ್ನೆಲ್ಲ ಬರೆಸಿಕೊಳ್ಳಬಹುದು. ತಡ ಮಾಡಿದರೆ ಹೇಳುವವರೇ ಇರುವುದಿಲ್ಲ. ಅಪ್ಪನ ಜತೆ ಕೆಲಸ ಮಾಡಿದವರಲ್ಲಿ ಮೂವರನ್ನು ಕಳೆದ ಎರಡು ವರ್ಷಗಳಲ್ಲಿ ಕಳಕೊಂಡೆವು.

ಇದೆಲ್ಲಕ್ಕಿಂತ ಮುಖ್ಯವಾದದ್ದು, ಬೀದಿಯಲ್ಲಿ ನೀರು ಬಿಡುವವರನ್ನು ಕಾಯಂ ಮಾಡಬೇಕು. ಹಳಬರು ನಿವೃತ್ತರಾದ ಜಾಗಗಳು ಖಾಲಿ ಉಳಿದು, ಕೆಲಸ ಗುತ್ತಿಗೆಯವರ ಹೆಗಲಿಗೆ ಹೋಗುತ್ತಿದೆ. ಹದಿಮೂರು ಸುತ್ತಿನ ಲೆಕ್ಕ ಒಂದು ವರ್ಷಕ್ಕೆ ಕೈಗೆ ಬರುವುದಿಲ್ಲ. ಕೈಗೆ ಬರುವಷ್ಟರಲ್ಲಿ ಹುಡುಗ ಡೆಲಿವರಿ ಕೆಲಸಕ್ಕೆ ಹೋಗಿರುತ್ತಾನೆ, ಅಲ್ಲಿ ನಾಲ್ಕು ಕಾಸು ಹೆಚ್ಚು.

ಅವತ್ತಿನಿಂದ ಆ ಹುಡುಗ ಭಾನುವಾರ ಬಿಡುವಾದಾಗ ನಮ್ಮ ಮನೆಗೆ ಬರುತ್ತಾನೆ. ಅಪ್ಪ ಹೇಳುತ್ತಾರೆ, ಅವನು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾನೆ: ಯಾವ ಕ್ರಾಸು, ಯಾವ ಮರ, ಎಷ್ಟು ಹೆಜ್ಜೆ, ಎಷ್ಟು ಸುತ್ತು. ಅರವತ್ತೆರಡು ವಾಲ್ವ್‌ಗಳಾಗಿವೆ. ಒಂಬತ್ತನೇ ಬ್ಲಾಕಿನದು ಇನ್ನೂ ಬಾಕಿ. ಅವನ ಗುತ್ತಿಗೆ ಮಾರ್ಚ್‌ಗೆ ಮುಗಿಯುತ್ತದೆ.