ಗುಡ್ಡಕ್ಕ ಕಟ್ಟಿಗಿ ಹೊತ್ತು ತರೂ ಡಿಸೈನು

1/8
ಈ ಸೆಮಿಸ್ಟರ್ ಸ್ಟುಡಿಯೋದಾಗ ನಮಗ ಕೊಟ್ಟ ವಿಷಯ: ನಿಸರ್ಗದ ಮಡಿಲಲ್ಲಿ ಸಸ್ಟೇನೇಬಲ್ ಟಿಂಬರ್ ಯೋಗ ರಿಟ್ರೀಟ್. ಸೈಟ್ ನಾವೇ ಆರಿಸಬೇಕು. ನನ್ನ ಊರು ಗಜೇಂದ್ರಗಡ ಅಂತ ಗೊತ್ತಿದ್ದ ಮೂರು ಮಂದಿ ಗೆಳೆಯರು ನಮ್ಮ ಗುಡ್ಡಾನೇ ಆರಿಸಿದ್ರು. ಶೀಟ್ ನೋಡಿದೆ. ಮೂರರಾಗೂ ಒಂದ ಚಿತ್ರ. ಕಂಬದ ಮ್ಯಾಲೆ ಪೈನ್ ಡೆಕ್, ನೆಲದಿಂದ ಮಾಡಿನ ತನಕ ಗಾಜು, ಹಿಂದ ದಟ್ಟ ಹಸಿರು ಕಾಡು. ಅದು ಬಾಲಿ ಇರಬಹುದು, ಕೊಡಗು ಇರಬಹುದು. ನಮ್ಮ ಗುಡ್ಡ ಅಲ್ಲ. ನಮ್ಮಲ್ಲಿ ಮಳಿ ಆದ್ರ ಒಂದೆರಡು ತಿಂಗಳು ಹಸಿರು. ಉಳಿದಂಗ ಒಣ ಹುಲ್ಲು, ಕಲ್ಲು, ಗಾಳಿ, ಗಾಳಿಯಂತ್ರ.

ಸಿಟ್ಟು ಬಂತು. ಅದಕ್ಕ ಈ ಸರಣಿ.

2/8
ಮೊದಲ ಒಂದು ಮಾತು. ನಾನು ಕಟ್ಟಿಗಿ ವಿರೋಧಿ ಅಲ್ಲ. ಮರ ಬೆಳೆಯುವಾಗ ಗಾಳಿಯಿಂದ ಇಂಗಾಲ ಹೀರುತ್ತದೆ; ಒಣಗಿದ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಇಂಗಾಲವೇ. ಅದು ತೊಲೆಯಾಗಿ ನೂರು ವರ್ಷ ನಿಂತರೆ ಅಷ್ಟು ವರ್ಷ ಆ ಇಂಗಾಲ ಮನೆಯೊಳಗೇ ಬಂದಿ. ಸಿಮೆಂಟಿಗಾದರೆ ಸುಣ್ಣಕಲ್ಲು ಸುಡಬೇಕು, ಹೊಗೆ ಬಿಡಬೇಕು. ಫಿನ್‌ಲೆಂಡಿನವರು ಮರದಾಗ ಕಟ್ಟತಾರ, ಯಾಕಂದ್ರ ಹಿತ್ತಲಾಗ ಕಾಡು ಐತಿ. ನಮ್ಮ ಮಲೆನಾಡಿನವರು ಕಟ್ಟಿದ್ದೂ ಅದಕ್ಕ. ಅದು ಅವರ ಊರಿನ ಜಾಣತನ. ಅವರ ಉತ್ತರಾನ ನಾವು ನಮ್ಮ ಪೇಪರಿನಾಗ ಕಾಪಿ ಹೊಡದ್ರ ಮಾರ್ಕ್ಸ್ ಸಿಗಬಹುದು, ಉತ್ತರ ಮಾತ್ರ ತಪ್ಪ.

3/8
ರೋಣ, ನರಗುಂದ, ಗಜೇಂದ್ರಗಡ. ಮೂರೂ ತಾಲೂಕು ಸುತ್ತಿ ಬರ್ರಿ. ಎರಿ ಹೊಲ, ಜ್ವಾಳ, ಕಡ್ಲಿ, ಹತ್ತಿ. ವರ್ಷಕ್ಕ ಮಳಿ 600 ಮಿ.ಮೀ. ಆಸುಪಾಸು. ಟಿಂಬರ್ ಎಲ್ಲೈತಿ? ಶೀಟಿನಾಗ "ಪೈನ್" ಅಂತ ಬರದವರು ಅದು ಎಲ್ಲಿಂದ ಬರ್ತದ ಅಂತ ಬರದಿಲ್ಲ. ವಿದೇಶಿ ಪೈನ್ ಹೆಚ್ಚಾಗಿ ಹಡಗಿನಾಗ ಗುಜರಾತಿನ ಕಾಂಡ್ಲಾಕ್ಕ ಬಂದು, ಅಲ್ಲಿಂದ ಲಾರಿ ಹತ್ತತದ. ಮೆದು ಮರ ಬ್ಯಾರೆ. ರಾಸಾಯನಿಕ ಕುಡಿಸಲಿಲ್ಲಂದ್ರ ಗೆದ್ದಲಿಗೆ ಹಬ್ಬ.

ಲಾರಿ ಬೇಕರ್ ತಾವು ಗಾಂಧೀಜಿಯಿಂದ ಕಲಿತ ಒಂದು ಪಾಠವನ್ನು ಜೀವನಪೂರ್ತಿ ಹೇಳುತ್ತಿದ್ದರು: ಮನೆಗೆ ಬೇಕಾದ ಸಾಮಗ್ರಿ ಐದು ಮೈಲಿ ಸುತ್ತಿನಲ್ಲೇ ಸಿಗಬೇಕು. ಥಿಯರಿ ಪೇಪರಿನಾಗ ಇದನ್ನ ಎಲ್ಲಾರೂ ಬರೀತೀವಿ. ಡಿಸೈನ್ ಶೀಟಿನಾಗ ಎಲ್ಲಾರೂ ಮರೀತೀವಿ.

4/8
ಈ ಸ್ಲೈಡಿನಾಗಿರೋದು ನಮ್ಮ ಅಜ್ಜಿ ಮನಿ. ಮಾಳಿಗಿ ಮನಿ. ಮಣ್ಣು-ಕಲ್ಲಿನ ದಪ್ಪ ಗ್ವಾಡಿ, ಒಳಗ ಕಂಬ, ಕಂಬದ ಮ್ಯಾಲೆ ಬೋದಿಗಿ, ಅದರ ಮ್ಯಾಲೆ ತೊಲಿ, ತೊಲಿ ಮ್ಯಾಲೆ ಜಂತಿ, ಎಲ್ಲಾದರ ಮ್ಯಾಲೆ ಮಣ್ಣು. ನಡುವ ಬೆಳಕಿಂಡಿ.

ಮನಿ ಎಷ್ಟು ದೊಡ್ಡದು ಅಂತ ಅಜ್ಜಿನ ಕೇಳ್ರಿ. ಸ್ಕ್ವೇರ್ ಫೂಟ್ ಹೇಳಂಗಿಲ್ಲ. "ಎಂಟು ಅಂಕಣ" ಅಂತಾಳ. ಅಂಕಣ ಅಂದ್ರ ಎರಡು ಕಂಬಗಳ ನಡುವಿನ ಜಾಗ. ಅಂದ್ರ ತೊಲಿ ಎಷ್ಟು ಉದ್ದ ಸಿಕ್ಕಿತೋ ಅಷ್ಟ ಕೋಲಿ. ಇಲ್ಲಿ ಮರವೇ ಮನೆಯ ಅಳತೆ ನಿರ್ಧರಿಸುತ್ತಿತ್ತು. ನಾವು ಉಲ್ಟಾ ಮಾಡೀವಿ. ಮೊದಲು ರೆಂಡರ್, ಆಮ್ಯಾಲೆ ಅದಕ್ಕ ಸಾಲುವಷ್ಟು ಮರ ಹುಡುಕೋದು.

ನಾಲ್ಕು ವರ್ಷ ಟಿಂಬರ್ ಕನ್‌ಸ್ಟ್ರಕ್ಷನ್ ಓದಿದ್ರೂ ಈ ಮಾತು ನನಗ ಗೊತ್ತಾಗಿದ್ದು ಅಜ್ಜಿಯಿಂದ.

5/8
ಈಗ ಬಿಸಲಿನ ವಿಚಾರ. ಏಪ್ರಿಲ್-ಮೇದಾಗ ನಮ್ಮಲ್ಲಿ ಪಾರಾ 40ರ ಹತ್ತಿರ ಹೋಗ್ತದ. ತೆಳು ಹಲಗೆಯ ಗೋಡೆಗೆ ಶಾಖ ತಡೆದಿಟ್ಟುಕೊಳ್ಳುವ ತಾಕತ್ತು ಕಡಿಮೆ, ಗಾಜಿಗಂತೂ ಇಲ್ಲವೇ ಇಲ್ಲ. ದಪ್ಪ ಗೋಡೆ ಹಗಲಿನ ಬಿಸಿಯನ್ನು ನುಂಗಿ, ರಾತ್ರಿ ನಿಧಾನಕ್ಕೆ ಬಿಡುತ್ತದೆ. ಅದಕ್ಕ ಅಜ್ಜಿ ಮಧ್ಯಾಹ್ನ ಪಡಸಾಲ್ಯಾಗ ಮಲಗತಾಳ, ರಾತ್ರಿ ಮಾಳಿಗಿ ಮ್ಯಾಲೆ. ನಮ್ಮ ಗೆಳೆಯರ ರಿಟ್ರೀಟಿನಾಗ ಮಧ್ಯಾಹ್ನ ಶವಾಸನ ಮಾಡಿದ್ರ ಅದು ಆಸನ ಆಗಿ ಉಳಿಯಂಗಿಲ್ಲ! ಏಸಿ ಹಾಕ್ತಾರ. ಏಸಿ ಹಾಕಿದ ಮ್ಯಾಲೆ "ನಿಸರ್ಗದೊಂದಿಗೆ ಉಸಿರಾಟ" ಅಂತ ಬೋರ್ಡ್ ಯಾಕ?

6/8
ಮೂರೂ ಶೀಟಿನಾಗ ಗುಡ್ಡದ ಮ್ಯಾಲೆ ಒಂದ ಪದ ಇತ್ತು: ಖಾಲಿ ಜಾಗ.

ಖಾಲಿ? ಮುಂಜಾನೆ ಕುರಿ ಏರತಾವ. ಬಂಡೆಯ ಮಡಿಲಲ್ಲಿ ಕಾಲಕಾಲೇಶ್ವರ ಇದ್ದಾನ, ಮಂದಿ ಮೆಟ್ಟಲಾ ಹತ್ತಿ ಬರ್ತಾರ. ಅಲ್ಲೇ ಅಂತರಗಂಗೆ, ಮರದ ಬೇರಿನ ಬುಡದಿಂದ ಹರಿಯುವ ನೀರು. ಸ್ವಲ್ಪ ದೂರದ ಸೂಡಿಯಲ್ಲಿ ಚಾಲುಕ್ಯರ ಕಾಲದ ನಾಗಕುಂಡ ಇದೆ. ನೀರಿಗೆ ಅಂಥಾ ಕಲ್ಲಿನ ಕೆತ್ತನೆ ಯಾಕೆ ಮಾಡಿದರು? ಇಲ್ಲಿ ನೀರು ದೇವರಿಗೆ ಸಮ, ಅದಕ್ಕ. ಅಂಥಾ ಊರಿನ ಗುಡ್ಡದ ಮ್ಯಾಲೆ ನಮ್ಮ ಗೆಳೆಯರು ಬರದದ್ದು: ಇನ್ಫಿನಿಟಿ ಪೂಲ್.

ಬೇಲಿ ಹಾಕಿದ ದಿನ ಕುರಿ ಎಲ್ಲಿಗೆ ಹೋಗಬೇಕು, ಯಾವ ಶೀಟಿನಾಗೂ ಇಲ್ಲ. "ಊರಿನವರಿಗೆ ಕೆಲಸ ಸಿಗ್ತದಲ್ಲೋ" ಅಂತಾರ. ಹೌದು, ಗೇಟಿನಾಗ ನಿಂದ್ರೂ ಕೆಲಸ. ಹೊರಗಿಂದ ಕತ್ತರಿಸಿಕೊಂಡೇ ಬರುವ ಮರಕ್ಕ ನಮ್ಮ ಬಡಿಗ್ಯಾರು ಏನು ಮಾಡಬೇಕು? ಬೋಲ್ಟ್ ಬಿಗಿಯೋದು ಅಷ್ಟ.

7/8
ಈ ಮಾತಿಗೆ ಸಿಟ್ಟಿಗಿಂತ ಸಂಕಟ ಜಾಸ್ತಿ. ಹೋದ ವರ್ಷ ನಮ್ಮ ಓಣ್ಯಾಗ ಒಂದು ಮಾಳಿಗಿ ಮನಿ ಕೆಡವಿದ್ರು. ಕಂಬ, ತೊಲಿ, ಕೆತ್ತನೆ ಬಾಗಿಲ ಎಲ್ಲಾ ಒಬ್ಬ ವ್ಯಾಪಾರಿ ಟೆಂಪೋದಾಗ ಹೇರಿಕೊಂಡು ಹೋದ. ಎಲ್ಲಿಗಪ್ಪಾ ಅಂತ ಕೇಳಿದೆ. "ರೆಸಾರ್ಟಿಗೆ, ಹಳೇ ಕಟ್ಟಿಗಿಗೆ ಬಾಳ ಡಿಮಾಂಡ್ ಐತಿ" ಅಂದ. ಆ ಜಾಗದಾಗ ಈಗ ಆರ್‌ಸಿಸಿ ಮನಿ. ಬ್ಯಾಸಗಿಯಾಗ ಒಳಗ ಕುಂದ್ರಾಕ ಆಗಂಗಿಲ್ಲ.

ಲೆಕ್ಕ ನೋಡ್ರಿ. ನಮ್ಮ ಮರ ಹೊರಗ ಹೋಗಿ "ರೀಕ್ಲೇಮ್ಡ್ ವುಡ್" ಆಗ್ತದ. ಹೊರಗಿನ ಮರ ನಮ್ಮ ಗುಡ್ಡಕ್ಕ ಬಂದು "ಸಸ್ಟೇನೇಬಲ್" ಆಗ್ತದ. ನಡುವ ಊರಿಗೆ ಉಳಿದದ್ದು ಸಿಮೆಂಟು.

8/8
ಹಂಗಾರ ಏನು ಮಾಡೂನು? ನನ್ನ ಡಿಸೈನ್ ಹೇಳ್ತೀನಿ. ಗುಡ್ಡದ ಮ್ಯಾಲೆ ಒಂದು ಕಲ್ಲೂ ಇಡಂಗಿಲ್ಲ. ಊರೊಳಗ ಬೀಗ ಬಿದ್ದ ಮಾಳಿಗಿ ಮನಿ ಅದಾವ, ರೋಣದಾಗ, ನರಗುಂದದ ಗುಡ್ಡದ ಕೆಳಗ, ನಮ್ಮ ಪ್ಯಾಟ್ಯಾಗ. ಅಂಥಾ ಮೂರು ಮನಿ ರಿಪೇರಿ. ಗೆದ್ದಲು ತಿಂದ ಜಂತಿಗಷ್ಟ ಬದಲಿ, ಅದೂ ಹೊಲದ ಬದುವಿನ ಬೇವು, ಜಾಲಿ. ಕಡಿದಷ್ಟು ಗಿಡ ಮತ್ತ ಬದುವಿಗೆ. ಕೆಲಸ ಊರಿನ ಬಡಿಗ್ಯಾರದು. ಪಡಸಾಲ್ಯಾಗ ಯೋಗ, ಮುಂಜಾನೆ ಗುಡ್ಡಕ್ಕ ಕಾಲ್ನಡಿಗಿ, ಕುರಿಗಳ ಹಿಂದ.

"ಅಷ್ಟು ಸಣ್ಣ ಜಾಗದಾಗ ಯೋಗಾ?" ಅಂತೀರಿ. ಮೈಸೂರಿನ ಲಕ್ಷ್ಮೀಪುರಂನಲ್ಲಿ ಪಟ್ಟಾಭಿ ಜೋಯಿಸರು ಕಲಿಸಿದ್ದು ಮನೆಯ ಒಂದು ಸಣ್ಣ ಕೋಣೆಯಲ್ಲಿ. ಅದಕ್ಕೇ ಜಗತ್ತಿನ ಮೂಲೆ ಮೂಲೆಯಿಂದ ಮಂದಿ ಬಂದರು. ಯಾರೂ ಡೆಕ್ ಕೇಳಲಿಲ್ಲ.

ಜ್ಯೂರಿ ಮುಂದಿನ ವಾರ. ಮಾರ್ಕ್ಸ್ ಕಟ್ ಆಗಬಹುದು, ಆಗಲಿ. ನಿಮಗ ಒಂದ ಕೆಲಸ: ಈ ರಜಾದಾಗ ಊರಿಗೆ ಹೋದಾಗ ನಿಮ್ಮ ಹಳೇ ಮನಿ ಎಷ್ಟು ಅಂಕಣ, ತೊಲಿ ಯಾವ ಮರದ್ದು, ಎಲ್ಲಿಂದ ತಂದ್ರು, ಇಷ್ಟ ಕೇಳಿ ಕಾಮೆಂಟಿನಾಗ ಹಾಕ್ರಿ. ಕೇಳೂದು ತಡ ಮಾಡಬ್ಯಾಡ್ರಿ. ಟೆಂಪೋ ಓಣಿಗೆ ಬಂದ ಮ್ಯಾಲೆ ಕೇಳಿ ಉಪಯೋಗ ಇಲ್ಲ.

#ಮಾಳಿಗಿಮನಿ #ಗಜೇಂದ್ರಗಡ #ರೋಣ #ನರಗುಂದ #ಎಂಟುಅಂಕಣ