ಗಾಂಧಿ ಕ್ಲಾಸಿನ ಕೂಗು: ಅಣ್ಣನಿಗೋ, ತಮ್ಮನಿಗೋ ಶಿಳ್ಳೆ?

ಅಂತರಘಟ್ಟೆ ದುರ್ಗಾಂಬೆಯ ಜಾತ್ರೆಗೆ ಹೋಗಿದ್ದೆ. ಅಲ್ಲಿ ಎತ್ತಿನ ಗಾಡಿಗಳಿಗಿಂತ ಹೆಚ್ಚು ಧೂಳೆಬ್ಬಿಸಿದ್ದು ‘ಒಡಹುಟ್ಟಿದವರು’! 1994ರ ಚಿತ್ರ. ದೊರೆ-ಭಗವಾನ್ ನಿರ್ದೇಶನ, ಉಪೇಂದ್ರಕುಮಾರ್ ಸಂಗೀತ. ರೈತನಾದ ಅಣ್ಣ ಡಾ. ರಾಜ್, ತಮ್ಮ ಅಂಬರೀಷ್. ಹಿಂದಿನ ರಾತ್ರಿ ಟಿ.ವಿ.ಯಲ್ಲಿ ಬಂದಿತ್ತಂತೆ. ಟೀ ಅಂಗಡಿ ಬೆಂಚಿನ ಮೇಲೆ ಆಗಲೇ ಎರಡು ಪಕ್ಷ!

“ಅಣ್ಣಾವ್ರು ಕೂಗಾಡೋದೇ ಇಲ್ಲ ನೋಡು, ಆದ್ರೂ ಮಾತು ಎದೆಗೆ ನಾಟ್ತದೆ” ಅಂದ ಒಬ್ಬ.

“ಅಂಬಿ ಎದುರಿಗೆ ನಿಂತು ಉರಿದಿದ್ದಕ್ಕೇ ಕಣಲೇ ಆ ಮಾತಿಗೆ ತೂಕ ಬಂದಿದ್ದು!”

ನನ್ನ ಓಟು ಎರಡನೆಯವನಿಗೆ. (ರಾಜ್ ಭಕ್ತರು ಬೈದು ಕಾಗದ ಬರೆಯಬಾರದು!) ಫೈಟಿಗೆ ಶಿಳ್ಳೆ ಯಾವ ಚಿತ್ರಕ್ಕೂ ಬೀಳುತ್ತೆ. ಇಬ್ಬರು ಸುಮ್ಮನೆ ನಿಂತು ಮಾತಾಡುವಾಗ ಗಾಂಧಿ ಕ್ಲಾಸು ಬೀಡಿ ಆರಿಸಿ ಕೂರಬೇಕಾದರೆ ಆ ಮಾತಿನಲ್ಲಿ ನಮ್ಮನೆ ಜಗಳ ಇರಬೇಕು. ಆ ರಾಜ್ 2006ರಲ್ಲಿ, ಅಂಬಿ 2018ರಲ್ಲಿ ಹೋದರು. ಜಗಳ ಮಾತ್ರ ಇನ್ನೂ ಓಡ್ತಾನೇ ಇದೆ.

ಬೆಂಚಿನ ತುದಿಯಲ್ಲಿದ್ದ ನನ್ನ ಗೆಳೆಯ ಮಾತ್ರ ತುಟಿ ಬಿಚ್ಚಿರಲಿಲ್ಲ. ಹಿಸ್ಸೆ ಆದಮೇಲೆ ಅಣ್ಣನ ಹತ್ತಿರ ಮಾತು ಬಿಟ್ಟವನು. ಕೆಣಕಿದೆ.

“ಸಿನಿಮಾದಾಗೆ ಮೂರು ಗಂಟೇಲಿ ಸರಿಹೋಗ್ತದಪ್ಪ. ನಮ್ದು ಒಂದು ಬದುವಿನ ಜಗಳ, ಆರು ವರ್ಷ ಆತು.”

ಅಷ್ಟರಲ್ಲಿ ಅವನ ಅಣ್ಣನ ಗಾಡಿಯೇ ಬರಬೇಕೆ? ಇವನು ಎದ್ದು ಬದಿಗೆ ಸರಿದ. ಅಣ್ಣ ಹಗ್ಗ ಜಗ್ಗಿ, ಎತ್ತಿನ ಕಡೆ ನೋಡುತ್ತಲೇ ಕೇಳಿದ:

“ಊಟ ಆತೇನೋ?”

“ಹ್ಞೂಂ.”

ಗಾಡಿ ಹೋಯಿತು. ಅವನು ಉಂಡಿರಲಿಲ್ಲ, ಬೆಳಗಿನಿಂದ ನನ್ನ ಜೊತೆಗೇ ಇದ್ದ.